ಕುತ್ತಿಗೆಗೆ ಪೆಟ್ಟಾದರೆ ಇಪ್ಪತ್ತು ಸಿಟ್ಟಿಂಗ್ ಬೇಕಾ?

ಕುತ್ತಿಗೆ ನೋವಿನ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ತಲೆ ಕೆಡುತ್ತೆ. ಬಲವಾದ ನೋವಿನ ಮಾತ್ರೆ ನುಂಗಿದರೂ ಒಂದೇ, ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದರೂ ಒಂದೇ ಅಂತ 2023ರಲ್ಲಿ ಆಸ್ಟ್ರೇಲಿಯಾದಿಂದ ಸುದ್ದಿ ಬಂತು. ವ್ಯಾಯಾಮವೇ ಮದ್ದು ಅಂತ ಒಬ್ಬರು ಹೇಳಿದರೆ, ಇಪ್ಪತ್ತು ಸಲ ಫಿಸಿಯೋ ಹತ್ತಿರ ಹೋದವರಿಗೂ ಅರ್ಧ ಗಂಟೆ ಸಲಹೆ ಕೇಳಿ ಮನೆಗೆ ಹೋದವರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ ಅಂತ ಇನ್ನೊಬ್ಬರು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಸಲೂನಿನಲ್ಲಿ ಕತ್ತು ತಿರುವಿಸಿಕೊಂಡು ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ ಎಲ್ಲ ಕಡೆ ಓಡಾಡಿತು. 2025ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ 'ಡಾ.' ಹಾಕಬಾರದು ಅಂತ ಪತ್ರ ಬರೆದು, ಮಾರನೇ ದಿನವೇ ಅದನ್ನು ವಾಪಸ್ ತಗೊಂಡಿತು. ಹಾಗಾದರೆ ಕತ್ತು ನೋವು ಅಂತ ಯಾರ ಹತ್ತಿರ ಹೋಗೋದು, ಏನು ಮಾಡಿಸೋದು?

ಮುಂಬೈ, ಪುಣೆಯ ಕನ್ನಡಿಗರಿಗೆ ಇದು ದೂರದ ಪ್ರಶ್ನೆಯೇನಲ್ಲ. ಹಬ್ಬ, ಮದುವೆ ಮುಗಿಸಿಕೊಂಡು ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ವಾಪಸ್ ಬರುವ ಕಾರುಗಳು ಪುಣೆ ಹತ್ತಿರ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆ ಕಡೆಗೆ ಇಳಿಯುತ್ತವಲ್ಲ, ಆ ಇಳಿಜಾರಿನಲ್ಲಿ ಬ್ರೇಕ್ ಹತ್ತದ ಲಾರಿ ಮುಂದಿನ ಗಾಡಿಗಳಿಗೆ ಗುದ್ದಿದ ಸುದ್ದಿ ಎಷ್ಟು ಸಲ ಓದಿಲ್ಲ ನಾವು? ಜೀವ ಹೋದವರ ಲೆಕ್ಕ ಪತ್ರಿಕೆಯಲ್ಲಿ ಬರುತ್ತೆ. ಗುದ್ದಿಸಿಕೊಂಡು, ಏನೂ ಆಗಿಲ್ಲ ಅಂತ ಮನೆಗೆ ಬಂದು, ಮಾರನೇ ಬೆಳಿಗ್ಗೆ ಹಾಸಿಗೆಯಿಂದ ತಲೆ ಎತ್ತಲಾಗದೆ ಒದ್ದಾಡುವವರ ಲೆಕ್ಕ ಎಲ್ಲೂ ಬರುವುದಿಲ್ಲ. 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು, 4,43,366 ಜನ ಗಾಯಗೊಂಡರು ಅಂತ ರಸ್ತೆ ಸಾರಿಗೆ ಸಚಿವಾಲಯ ಹೇಳುತ್ತೆ. ಐದರಲ್ಲಿ ಒಂದರಷ್ಟು ಅಪಘಾತ ಹಿಂದಿನಿಂದ ಗುದ್ದಿದ್ದು.

ನನ್ನ ಪ್ರಕಾರ ಈ ಸುದ್ದಿಗಳು ಒಂದಕ್ಕೊಂದು ಅಷ್ಟೇನೂ ವಿರುದ್ಧವಾಗಿಲ್ಲ. ಒಂದೊಂದು ಪ್ರಯೋಗ ಒಂದೊಂದು ಥರದ ರೋಗಿಗಳ ಮೇಲೆ, ಬೇರೆ ಬೇರೆ ಹಂತದಲ್ಲಿ ನಡೆದಿದೆ. ಅದನ್ನು ಬಿಡಿಸಿ ನೋಡಿದರೆ ಗೋಜಲು ಬಹಳ ಮಟ್ಟಿಗೆ ಬಿಚ್ಚಿಕೊಳ್ಳುತ್ತೆ.

ಗುದ್ದಿದಾಗ ಒಳಗೆ ನಡೆಯುವುದು

ನಿಂತ ಕಾರಿಗೆ ಹಿಂದಿನಿಂದ ಗುದ್ದಿದರೆ ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತೆ. ತಲೆ ಮಾತ್ರ ಇದ್ದಲ್ಲೇ ಇರುತ್ತೆ. ಮೈ ಮುಂದೆ ಹೋಗಿ ತಲೆ ಹಿಂದುಳಿದಾಗ ಕತ್ತಿನ ಕೆಳಭಾಗ ಹಿಂದಕ್ಕೆ, ಮೇಲ್ಭಾಗ ಮುಂದಕ್ಕೆ ಬಾಗಿ ಇಂಗ್ಲಿಷಿನ ಎಸ್ ಅಕ್ಷರದ ಆಕಾರಕ್ಕೆ ಬರುತ್ತೆ. ಇಷ್ಟಾಗಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಾಗಿಲ್ಲ. ಸ್ನಾಯು ಬಿಗಿಹಿಡಿದು ಸಾವರಿಸಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಕಶೇರುಗಳ (ಬೆನ್ನುಮೂಳೆಯ ಮಣಿಗಳ) ಹಿಂಬದಿಯಲ್ಲಿರುವ ಸಣ್ಣ ಕೀಲುಗಳು, ಅವುಗಳ ಸುತ್ತಲ ಪೊರೆ, ಸ್ನಾಯು ಇವೆಲ್ಲ ಎಳೆದಂತಾಗುತ್ತವೆ. ವಿಪ್‌ಲ್ಯಾಷ್ ಅನ್ನುವುದು ಇದಕ್ಕೇ.

ಸೀಟಿನ ಮೇಲಿರುವ ಹೆಡ್‌ರೆಸ್ಟ್ ತಲೆ ಒರಗಿಸಿ ನಿದ್ದೆ ಮಾಡಲಿಕ್ಕೆ ಅಂತ ಅನೇಕರು ತಿಳಿದಿದ್ದಾರೆ. ಅದು ಇರುವುದು ತಲೆ ಹಿಂದುಳಿಯದ ಹಾಗೆ ತಡೆಯಲಿಕ್ಕೆ. ಅದರ ಮೇಲ್ತುದಿ ಕಿವಿಯ ಮೇಲ್ತುದಿಗಿಂತ ಎತ್ತರದಲ್ಲಿ, ತಲೆಗೆ ಆದಷ್ಟು ಹತ್ತಿರದಲ್ಲಿ ಇದ್ದರೆ ಮಾತ್ರ ಉಪಯೋಗ. ಪೂರ್ತಿ ಕೆಳಗಿಳಿಸಿಟ್ಟರೆ ಕತ್ತಿನ ಹಿಂದೆ ಬಂದು ಕೂರುತ್ತೆ, ತಲೆಗೆ ಆಸರೆಯೇ ಸಿಗುವುದಿಲ್ಲ. ಟ್ಯಾಕ್ಸಿ ಹತ್ತಿದಾಗ ಒಂದು ಸಲ ಗಮನಿಸಿ ನೋಡಿ.

ನಾಲ್ಕು ಗ್ರೇಡ್

1995ರಲ್ಲಿ ಕೆನಡಾದ ಕ್ವಿಬೆಕ್ ಕಾರ್ಯಪಡೆ ಈ ಗಾಯವನ್ನು ದರ್ಜೆ ಮಾಡಿ ಇಟ್ಟಿತು. ಇವತ್ತಿಗೂ ಸಂಶೋಧಕರು ಬಳಸುವುದು ಅದನ್ನೇ. ನೋವು, ಬಿಗಿತ ಇದ್ದು ವೈದ್ಯರು ಪರೀಕ್ಷೆ ಮಾಡಿದಾಗ ಏನೂ ಸಿಗದಿದ್ದರೆ ಗ್ರೇಡ್ 1. ಕತ್ತು ಪೂರ್ತಿ ತಿರುಗದಿದ್ದರೆ, ಮುಟ್ಟಿದಲ್ಲಿ ನೋವಿದ್ದರೆ ಗ್ರೇಡ್ 2. ಕೈಯಲ್ಲಿ ಶಕ್ತಿ ಕುಂದುವುದು, ಸ್ಪರ್ಶ ತಿಳಿಯದಿರುವುದು ಹೀಗೆ ನರಕ್ಕೆ ಪೆಟ್ಟಾದ ಲಕ್ಷಣವಿದ್ದರೆ ಗ್ರೇಡ್ 3. ಮೂಳೆ ಮುರಿದಿದ್ದರೆ ಅಥವಾ ಕೀಲು ತಪ್ಪಿದ್ದರೆ ಗ್ರೇಡ್ 4. ಏನೂ ತೊಂದರೆ ಇಲ್ಲದವರು ಸೊನ್ನೆ.

ನೀವು ಓದುವ ಚಿಕಿತ್ಸೆಯ ಸುದ್ದಿಗಳಲ್ಲಿ ಹೆಚ್ಚಿನವು ಗ್ರೇಡ್ 1, 2ರವರ ಬಗ್ಗೆ. ಗ್ರೇಡ್ 4ರವರಿಗೆ 'ಸುಮ್ನೆ ಓಡಾಡಿಕೊಂಡಿರಿ' ಅಂತ ಯಾರೂ ಹೇಳಿಲ್ಲ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಮೂಳೆಗೆ ಏನೂ ಆಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು.

ಎಕ್ಸ್‌ರೇ ಯಾರಿಗೆ, ಎಂಆರ್‌ಐ ಯಾಕೆ

2001ರಲ್ಲಿ ಕೆನಡಾದ ವೈದ್ಯರು 8,924 ರೋಗಿಗಳನ್ನು ನೋಡಿ ಒಂದು ಸರಳ ನಿಯಮ ಮಾಡಿದರು. ಎಚ್ಚರವಾಗಿದ್ದು ಸರಿಯಾಗಿ ಮಾತಾಡುತ್ತಿರುವ ರೋಗಿಗೆ ಅನ್ವಯಿಸುವ ನಿಯಮ ಇದು. ವಯಸ್ಸು 65 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಕೈಕಾಲು ಜುಮ್ಮೆನ್ನುತ್ತಿದ್ದರೆ, ಅಪಘಾತ ಭೀಕರವಾಗಿದ್ದರೆ (ಗಾಡಿ ಪಲ್ಟಿ, ಹೊರಗೆ ಎಸೆಯಲ್ಪಟ್ಟದ್ದು, ನೂರು ಕಿಲೋಮೀಟರ್ ಮೀರಿದ ವೇಗ) ಚಿತ್ರ ತೆಗೆಸಲೇಬೇಕು. ಇದ್ಯಾವುದೂ ಇಲ್ಲದೆ, ಸಾಮಾನ್ಯ ಹಿಂಬದಿ ಡಿಕ್ಕಿಯಾಗಿದ್ದರೆ, ಎದ್ದು ಓಡಾಡಿದ್ದರೆ, ಅಥವಾ ನೋವು ತಡವಾಗಿ ಶುರುವಾಗಿದ್ದರೆ, ಕತ್ತನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಿರುಗಿಸಲು ಹೇಳುತ್ತಾರೆ. ತಿರುಗಿದರೆ ಎಕ್ಸ್‌ರೇ ಬೇಕಾಗಿಲ್ಲ.

ಇಲ್ಲಿ ಒಂದು ಮಾತು. ಬಸ್ಸೋ ದೊಡ್ಡ ಲಾರಿಯೋ ಗುದ್ದಿದ್ದು ಈ ನಿಯಮದ ಲೆಕ್ಕದಲ್ಲಿ 'ಸಾಮಾನ್ಯ ಹಿಂಬದಿ ಡಿಕ್ಕಿ' ಆಗುವುದಿಲ್ಲ. ನವಲೆ ಸೇತುವೆ ಇಳಿಜಾರಿನ ಡಿಕ್ಕಿಗಳಲ್ಲಿ ಹಿಂದಿರುವುದು ಹೆಚ್ಚಾಗಿ ಲಾರಿ, ಕಂಟೇನರ್. ಬೈಕಿನಿಂದ ಬಿದ್ದದ್ದೂ ಈ ಸಾಮಾನ್ಯ ಡಿಕ್ಕಿಯ ಸಾಲಿಗೆ ಸೇರದು. ಅಂಥಲ್ಲಿ ಇನ್ನೂ ಎಚ್ಚರದಿಂದ ನೋಡಬೇಕಾಗುತ್ತೆ, ಕತ್ತು ತಿರುಗಿಸಿ ನೀವೇ ಪರೀಕ್ಷೆ ಮಾಡಿಕೊಳ್ಳಲು ಹೋಗಬೇಡಿ.

ಎಂಆರ್‌ಐ ಕಥೆ ಬೇರೆ. ಗಾಯ ಕಾಣುತ್ತೆ ಅಂತ ಮಾಡಿಸುತ್ತಾರೆ, ವರದಿಯಲ್ಲಿ 'ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ' ಅಂತ ಬರುತ್ತೆ, ಮನೆಯವರೆಲ್ಲ ಗಾಬರಿಯಾಗುತ್ತಾರೆ. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಯಾವ ನೋವೂ ಇಲ್ಲದ 1,211 ಜನರ ಕತ್ತಿನ ಎಂಆರ್‌ಐ ತೆಗೆದರು. 87.6 ಶೇಕಡಾ ಜನರಲ್ಲಿ ಡಿಸ್ಕ್ ಉಬ್ಬಿತ್ತು! ಇಪ್ಪತ್ತರ ಹರೆಯದವರಲ್ಲೂ ನಾಲ್ವರಲ್ಲಿ ಸುಮಾರು ಮೂವರಿಗೆ. ಅಂದರೆ ಅಪಘಾತದ ಮರುವಾರ ತೆಗೆಸಿದ ಚಿತ್ರದಲ್ಲಿ ಕಂಡ ಉಬ್ಬು ಅಪಘಾತದ್ದೋ ಮೊದಲಿನದ್ದೋ ಹೇಳುವುದೇ ಕಷ್ಟ. ನರದ ಲಕ್ಷಣ ಇದ್ದಾಗ ಎಂಆರ್‌ಐ ಬೇಕೇ ಬೇಕು. ಬರೀ ನೋವು, ಬಿಗಿತಕ್ಕೆ ಮೊದಲ ವಾರವೇ ಮಾಡಿಸಿದರೆ ಕೈಗೆ ಸಿಗುವುದು ಹೆದರಿಕೆ ಮಾತ್ರ, ಆ ಹೆದರಿಕೆಗೂ ಒಂದು ಬೆಲೆ ಇದೆ ಅಂತ ಮುಂದೆ ಗೊತ್ತಾಗುತ್ತೆ.

ಅರ್ಧ ಗಂಟೆ ಮಾತು, ಇಪ್ಪತ್ತು ಸಿಟ್ಟಿಂಗ್

ಡೊಂಬಿವಲಿಯಿಂದ ಪಿಂಪ್ರಿವರೆಗೆ ಕ್ಲಿನಿಕ್‌ಗಳಲ್ಲಿ ಕೇಳಿಬರುವ ಮಾತು 'ಹತ್ತು ಸಿಟ್ಟಿಂಗ್ ಮಾಡಿ, ಆಮೇಲೆ ನೋಡೋಣ'. ಶಾಖ, ಕರೆಂಟು, ಟ್ರ್ಯಾಕ್ಷನ್ ಹಾಕಿ ಎಳೆಯುವುದು, ಕೊನೆಗೆ ಐದು ನಿಮಿಷ ವ್ಯಾಯಾಮ. ಪ್ಯಾಕೇಜ್ ತಗೊಂಡರೆ ರಿಯಾಯಿತಿ. ಇದಕ್ಕೆ ಆಧಾರ ಎಷ್ಟಿದೆ?

ಎರಡು ದೊಡ್ಡ ಪ್ರಯೋಗಗಳು ಇಲ್ಲಿ ಮುಖ್ಯ. ಮೊದಲನೆಯದು ಬ್ರಿಟನ್ನಿನ ಮಿಂಟ್ ಪ್ರಯೋಗ, 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 3,851 ಜನರಲ್ಲಿ ಕೆಲವರಿಗೆ ಮಾಮೂಲಿ ಸಲಹೆ, ಉಳಿದವರಿಗೆ ವಿಶೇಷ ಪುಸ್ತಿಕೆಯ ಜೊತೆ ಹುರುಪು ತುಂಬುವ ಸಲಹೆ ಕೊಟ್ಟರು. ಫಲಿತಾಂಶದಲ್ಲಿ ವ್ಯತ್ಯಾಸ ಇಲ್ಲ. ನೋವು ಕಡಿಮೆಯಾಗದೆ ಉಳಿದ 599 ಜನರನ್ನು ಮತ್ತೆ ಎರಡು ಗುಂಪು ಮಾಡಿ, ಒಂದಕ್ಕೆ ಆರು ಸಲದವರೆಗೆ ಫಿಸಿಯೋಥೆರಪಿ, ಇನ್ನೊಂದಕ್ಕೆ ಒಂದೇ ಸಲ ಸಲಹೆ ಕೊಟ್ಟರು. ನಾಲ್ಕು ತಿಂಗಳ ಹೊತ್ತಿಗೆ ಫಿಸಿಯೋ ಗುಂಪಿಗೆ ಸ್ವಲ್ಪ ಲಾಭ ಕಂಡಿತು, ವರ್ಷದ ಹೊತ್ತಿಗೆ ಅದೂ ಉಳಿಯಲಿಲ್ಲ. ಹಾಕಿದ ದುಡ್ಡಿಗೆ ಆ ಲಾಭ ಸಾಲದು ಅಂತ ಅವರ ತೀರ್ಮಾನ.

ಎರಡನೆಯದು ಆಸ್ಟ್ರೇಲಿಯಾದ ಪ್ರಾಮಿಸ್, 2014. ಮೂರು ತಿಂಗಳು ದಾಟಿದ ಹಳೇ ನೋವಿನ 172 ಜನ. ಒಂದು ಗುಂಪಿಗೆ 12 ವಾರದಲ್ಲಿ 20 ಸಲ, ಒಬ್ಬೊಬ್ಬರಿಗೂ ತಕ್ಕಂತೆ ರೂಪಿಸಿದ ವ್ಯಾಯಾಮ. ಇನ್ನೊಂದಕ್ಕೆ ಅರ್ಧ ಗಂಟೆಯ ಒಂದು ಭೇಟಿ, ಬೇಕಾದರೆ ಫೋನ್. ವರ್ಷದ ಕೊನೆಗೂ ನೋವಿನ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹೀಗಾಗಿ 'ಫಿಸಿಯೋ ದಂಡ' ಅಂತ ಶೀರ್ಷಿಕೆ ಹಾಕುವುದು ಸುಲಭ. ಫಿಸಿಯೋಗಳು ಇದನ್ನು ಒಪ್ಪುವುದಿಲ್ಲ, ಅವರ ವಾದದಲ್ಲೂ ಹುರುಳಿದೆ. ಸಲಹೆ ಕೊಟ್ಟವರೂ ಫಿಸಿಯೋಗಳೇ ಅಲ್ವಾ? ಆ ಅರ್ಧ ಗಂಟೆಯಲ್ಲಿ ಏನಾಗಿದೆ, ಯಾಕೆ ಹೆದರಬೇಕಾಗಿಲ್ಲ, ಯಾವ ಚಲನೆ ಹೇಗೆ ಮಾಡಬೇಕು ಅಂತ ಕೂತು ಬಿಡಿಸಿ ಹೇಳಿದ್ದರು. ನಮ್ಮಲ್ಲಿ ಎಷ್ಟು ಕಡೆ ಅಷ್ಟು ಹೊತ್ತು ಯಾರಾದರೂ ಮಾತಾಡುತ್ತಾರೆ? ಕರೆಂಟ್ ಯಂತ್ರ ಹಚ್ಚಿ ಪಕ್ಕದ ಪರದೆಯ ಆಚೆ ಹೋಗುವುದೇ ಜಾಸ್ತಿ. ಅಂದರೆ ಈ ಪ್ರಯೋಗಗಳು ವ್ಯಾಯಾಮಕ್ಕಿಂತ ಹೆಚ್ಚಾಗಿ ನಮ್ಮ ಪ್ಯಾಕೇಜ್ ಪದ್ಧತಿಗೆ ಪೆಟ್ಟು ಕೊಡುತ್ತವೆ ಅಂತ ನನಗನಿಸುತ್ತೆ.

ಇನ್ನೊಂದು ಪುರಾವೆಯೂ ಇದೇ ಕಡೆ ಬೆರಳು ತೋರಿಸುತ್ತೆ. ಅಮೆರಿಕದಲ್ಲಿ 272 ಜನರ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ (ಇವರದ್ದು ಅಪಘಾತದ ನೋವಲ್ಲ, ಮಾಮೂಲಿ ಕತ್ತುನೋವು) ಮನೆಯಲ್ಲೇ ಮಾಡುವ ವ್ಯಾಯಾಮ, ತರಬೇತಿ ಪಡೆದವರು ಕೈಯಿಂದ ಮಾಡುವ ಕತ್ತಿನ ಚಿಕಿತ್ಸೆ, ಮಾತ್ರೆ ಈ ಮೂರನ್ನೂ ಹೋಲಿಸಿದರು. ಮೊದಲ ಎರಡೂ ಮಾತ್ರೆಗಿಂತ ಮೇಲು. ಅವೆರಡರ ನಡುವೆ ಹೇಳುವಂಥ ವ್ಯತ್ಯಾಸ ಇಲ್ಲ. ಮನೆಯ ವ್ಯಾಯಾಮಕ್ಕೆ ಖರ್ಚು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಸರಾಸರಿಯಲ್ಲಿ ಮರೆಯಾಗುವವರು

ಹಾಗಾದರೆ ಎಲ್ಲರೂ ಮನೆಯಲ್ಲೇ ವ್ಯಾಯಾಮ ಮಾಡಿಕೊಂಡಿದ್ದರೆ ಸರಿಹೋಗುತ್ತಾ? ಇಲ್ಲ. ವಿಪ್‌ಲ್ಯಾಷ್ ಆದವರಲ್ಲಿ ಸುಮಾರು ಅರ್ಧದಷ್ಟು ಜನ ಒಂದು ವರ್ಷದ ನಂತರವೂ ಏನಾದರೂ ನೋವು ಹೇಳುತ್ತಾರೆ ಅಂತ 2008ರ ಅಂತರರಾಷ್ಟ್ರೀಯ ಕಾರ್ಯಪಡೆಯ ಪರಿಶೀಲನೆ ಹೇಳಿತು. ಗುಣವಾಗುವುದೆಲ್ಲ ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲೇ ಆಗಿಬಿಡುತ್ತೆ, ಆಮೇಲೆ ವೇಗ ಇಳಿಯುತ್ತೆ.

ಯಾರು ಗುಣವಾಗುತ್ತಾರೆ, ಯಾರು ಉಳಿದುಕೊಳ್ಳುತ್ತಾರೆ ಅನ್ನುವುದನ್ನು ಕಾರಿನ ವೇಗವಾಗಲಿ ಎಂಆರ್‌ಐ ವರದಿಯಾಗಲಿ ಅಷ್ಟಾಗಿ ಹೇಳುವುದಿಲ್ಲ. 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮೂರು ಗುರುತು ಕೊಟ್ಟರು: ಶುರುವಿನಲ್ಲೇ ತೊಂದರೆ ಬಹಳ ಇರುವುದು, ವಯಸ್ಸು 35 ಅಥವಾ ಅದಕ್ಕಿಂತ ಜಾಸ್ತಿ, ಮತ್ತು ಅಪಘಾತದ ನಂತರ ಬೆಚ್ಚಿಬೀಳುವುದು, ನಿದ್ದೆ ಬಾರದಿರುವುದು, ಸಣ್ಣದಕ್ಕೂ ಸಿಡುಕುವುದು. ಈ ಮೂರೂ ಸೇರಿದವರಿಗೆ ನೋವು ಹಳೆಯದಾಗುವ ಅಪಾಯ ಹೆಚ್ಚು. ಹೆದರಿಕೆಗೆ ಬೆಲೆ ಇದೆ ಅಂದೆನಲ್ಲ, ಅದು ಇಲ್ಲಿ ಕಾಣಿಸುತ್ತೆ. ನೋವು ಸುಳ್ಳು, ಎಲ್ಲ ಮನಸ್ಸಿನಲ್ಲೇ ಇದೆ ಅನ್ನುವ ಅರ್ಥ ಇದಕ್ಕಿಲ್ಲ. ನರಮಂಡಲ ಸದಾ ಎಚ್ಚರದ ಸ್ಥಿತಿಯಲ್ಲಿದ್ದರೆ ಸಣ್ಣ ನೋವೂ ದೊಡ್ಡದಾಗಿ ಕೇಳಿಸುತ್ತೆ, ನೋವು ಜಾಸ್ತಿಯಾದಷ್ಟೂ ಎಚ್ಚರ ಹೆಚ್ಚುತ್ತೆ.

ಇದನ್ನೇ ಹಿಡಿದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 108 ಜನರಿಗೆ ಗಾಯವಾದ ಮೊದಲ ವಾರಗಳಲ್ಲೇ ಚಿಕಿತ್ಸೆ ಕೊಟ್ಟರು. ಒಂದು ಗುಂಪಿಗೆ ವ್ಯಾಯಾಮ ಮಾತ್ರ. ಇನ್ನೊಂದಕ್ಕೆ ವ್ಯಾಯಾಮದ ಜೊತೆ ಒತ್ತಡ ನಿಭಾಯಿಸುವ ತರಬೇತಿ, ಅದನ್ನು ಕೊಟ್ಟವರೂ ಫಿಸಿಯೋಗಳೇ. ಎರಡನೇ ಗುಂಪಿನವರ ದಿನನಿತ್ಯದ ತೊಂದರೆ ಜಾಸ್ತಿ ಇಳಿಯಿತು, ವರ್ಷದ ಮೇಲೂ ಆ ಅಂತರ ಉಳಿಯಿತು. ಹಾಗಂತ ಎಲ್ಲ ಬಗೆಹರಿಯಿತು ಅನ್ನುವಂತಿಲ್ಲ. 2013ರ ಇನ್ನೊಂದು ಪ್ರಯೋಗದಲ್ಲಿ ಔಷಧ, ಫಿಸಿಯೋ, ಮನಃಶಾಸ್ತ್ರಜ್ಞರು ಎಲ್ಲವನ್ನೂ ಒಟ್ಟಿಗೆ ಕೊಟ್ಟರೂ ಮಾಮೂಲಿ ಚಿಕಿತ್ಸೆಗಿಂತ ಮೇಲಾಗಲಿಲ್ಲ. ಎಷ್ಟು ಜನ ತಜ್ಞರು ಕೈ ಹಾಕಿದರು ಅನ್ನುವುದರಿಂದ ಗುಣ ಹೆಚ್ಚಾಗುವುದಿಲ್ಲ ಅಂತ ಕಾಣುತ್ತೆ. ಸಾವಿರ ಜನರನ್ನು ಒಂದೇ ಗುಂಪು ಮಾಡಿ ಸರಾಸರಿ ತೆಗೆದರೆ, ತಾನಾಗಿಯೇ ಗುಣವಾಗುವವರ ನಡುವೆ ನಿಜವಾಗಿ ಸಹಾಯ ಬೇಕಾದವರು ಮುಳುಗಿಹೋಗುತ್ತಾರೆ. 'ವ್ಯತ್ಯಾಸವಿಲ್ಲ' ಅನ್ನುವ ಶೀರ್ಷಿಕೆಗಳ ಹಿಂದೆ ಅರ್ಧ ಕಾರಣ ಇದೇ ಇರಬಹುದು.

ವರ್ಷಗಟ್ಟಲೆ ಉಳಿದ ನೋವಿಗೆ ಇನ್ನೊಂದು ದಾರಿ ಇದೆ: ಕತ್ತಿನ ಸಣ್ಣ ಕೀಲಿನಿಂದಲೇ ನೋವು ಬರುತ್ತಿದೆ ಅಂತ ಇಂಜೆಕ್ಷನ್ ಕೊಟ್ಟು ಖಚಿತಪಡಿಸಿಕೊಂಡು, ಆ ನರವನ್ನು ಬಿಸಿಯಿಂದ ನಿಷ್ಕ್ರಿಯ ಮಾಡುವುದು. 1996ರ ಪ್ರಯೋಗದಲ್ಲಿ, ನೋವು ಮೊದಲಿದ್ದದ್ದರ ಅರ್ಧದಷ್ಟು ಮತ್ತೆ ಮರಳಲು ನಿಜವಾದ ಚಿಕಿತ್ಸೆ ಪಡೆದವರಿಗೆ ಮಧ್ಯಮ ಲೆಕ್ಕದಲ್ಲಿ (ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಜಾಸ್ತಿ) 263 ದಿನ, ಹುಸಿ ಚಿಕಿತ್ಸೆಯವರಿಗೆ 8 ದಿನ ಹಿಡಿಯಿತು. ಆದರೆ ಇದ್ದವರು 24 ಜನ ಮಾತ್ರ, ಅದೂ ಸೋಸಿ ಆರಿಸಿದವರು. ಮೊದಲ ತಿಂಗಳಲ್ಲಿ ಯಾರಾದರೂ ಇದನ್ನು ಸೂಚಿಸಿದರೆ ಎರಡನೇ ಅಭಿಪ್ರಾಯ ಕೇಳಿ.

ಬೆಲ್ಟು, ಮಾತ್ರೆ, ನಟಿಗೆ

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಕತ್ತಿನ ಬೆಲ್ಟು ಗ್ರೇಡ್ 1, 2ಕ್ಕೆ ಬೇಗ ಗುಣ ಮಾಡುತ್ತೆ ಅನ್ನಲು ಆಧಾರವಿಲ್ಲ. ಎಂಬತ್ತರ ದಶಕದಲ್ಲೇ ಬೇಗ ಅಲ್ಲಾಡಿಸಿದವರು ಬೆಲ್ಟ್ ಹಾಕಿದವರಿಗಿಂತ ಚೆನ್ನಾಗಿದ್ದರು ಅಂತ ಬಂದಿತ್ತು. 2007ರಲ್ಲಿ ಡೆನ್ಮಾರ್ಕಿನ 458 ಜನರ ಪ್ರಯೋಗದಲ್ಲಿ ಬೆಲ್ಟ್, ವ್ಯಾಯಾಮ, 'ಎಂದಿನಂತೆ ಇರಿ' ಅನ್ನುವ ಸಲಹೆ ಮೂರೂ ಸಮವಾದವು. ಸಮ ಅಂದ ಮೇಲೆ ವಾರಗಟ್ಟಲೆ ಬೆಲ್ಟ್ ಬಿಗಿದುಕೊಂಡು ಸ್ನಾಯು ಸಡಿಲ ಮಾಡಿಕೊಳ್ಳುವುದು ಯಾಕೆ?

ಮಾತ್ರೆಯ ವಿಷಯದಲ್ಲಿ 2023ರ ಸುದ್ದಿಯ ಮೂಲ ಒಪಲ್ ಪ್ರಯೋಗ. ಹೊಸದಾಗಿ ಶುರುವಾದ ಸೊಂಟನೋವು, ಕತ್ತುನೋವಿನ 347 ಜನರಿಗೆ ಆಕ್ಸಿಕೋಡೋನ್ ಇರುವ ಓಪಿಯಾಯ್ಡ್ (ಅಫೀಮಿನ ಜಾತಿಯ ಬಲವಾದ ನೋವಿನ ಮಾತ್ರೆ) ಅಥವಾ ಹುಸಿ ಮಾತ್ರೆ ಕೊಟ್ಟಿದ್ದರು. ಆರು ವಾರಕ್ಕೆ ವ್ಯತ್ಯಾಸವಿಲ್ಲ, ವರ್ಷದ ಮೇಲೆ ಓಪಿಯಾಯ್ಡ್ ಪಡೆದವರಲ್ಲಿ ದುರ್ಬಳಕೆಯ ಅಪಾಯ ಹೆಚ್ಚು ಕಂಡಿತು. ಇದು ಆ ಬಗೆಯ ಬಲವಾದ ಔಷಧದ ಬಗ್ಗೆ ಬಂದ ಫಲಿತಾಂಶ, ವೈದ್ಯರು ನಾಲ್ಕು ದಿನಕ್ಕೆ ಬರೆದುಕೊಡುವ ಸಾಮಾನ್ಯ ನೋವಿನ ಮಾತ್ರೆಯ ಬಗ್ಗೆ ಅಲ್ಲ.

ಸಲೂನಿನಲ್ಲಿ ಕತ್ತು ತಿರುವಿಸಿ ಲಟಕ್ಕೆನ್ನಿಸಿ ನಟಿಗೆ ತೆಗೆಸುವುದು ಬೇಡವೇ ಬೇಡ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನಲ್ಲೇ ಹಾದುಹೋಗುತ್ತವೆ, ಜೋರಾಗಿ ತಿರುವಿದರೆ ಒಳಪದರ ಹರಿಯಬಹುದು.

ಪರಿಹಾರದ ದುಡ್ಡು ನೋವನ್ನು ಉದ್ದ ಮಾಡುತ್ತಾ?

ಅತಿ ಹೆಚ್ಚು ಜಗಳ ಇರುವುದು ಇಲ್ಲೇ. 1996ರಲ್ಲಿ ಲಿಥುವೇನಿಯಾದ ಅಧ್ಯಯನವೊಂದು, ವಿಮೆಯ ಪರಿಹಾರ ಕೇಳುವ ರೂಢಿಯೇ ಇಲ್ಲದ ಆ ದೇಶದಲ್ಲಿ ಹಿಂಬದಿ ಡಿಕ್ಕಿಗೆ ಸಿಕ್ಕ 202 ಜನರಿಗೂ ಉಳಿದವರಿಗೂ ದೀರ್ಘಕಾಲದ ನೋವಿನಲ್ಲಿ ವ್ಯತ್ಯಾಸವಿಲ್ಲ ಅಂದಿತು. ವಿಮಾ ಕಂಪನಿಗಳಿಗೆ ಹಬ್ಬ. ಟೀಕಾಕಾರರು ಹೇಳಿದ್ದು: ಅವರೆಲ್ಲ ಡಿಕ್ಕಿಗೆ ಸಿಕ್ಕವರು ಅಷ್ಟೇ, ಎಲ್ಲರಿಗೂ ಗಾಯವಾಗಿತ್ತು ಅಂತ ಅಲ್ಲ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯ 1995ರಲ್ಲಿ ನೋವಿಗೂ ಸಂಕಟಕ್ಕೂ ಪರಿಹಾರ ಕೇಳುವ ಪದ್ಧತಿ ಬಿಟ್ಟು, ತಪ್ಪು ಯಾರದ್ದೇ ಇರಲಿ ನಿಗದಿತ ಸವಲತ್ತು ಅನ್ನುವ ಪದ್ಧತಿಗೆ ಬಂತು. ವಿಪ್‌ಲ್ಯಾಷ್ ಅರ್ಜಿಗಳು ಲಕ್ಷಕ್ಕೆ 417ರಿಂದ 302ಕ್ಕೆ ಇಳಿದವು, ಅರ್ಜಿ ಮುಗಿಯುವ ಮಧ್ಯಮ ಅವಧಿ 433 ದಿನದಿಂದ 194ಕ್ಕೆ ಬಂತು. ಇದಕ್ಕೂ ಆಕ್ಷೇಪ ಇತ್ತು. ಫೈಲ್ ಮುಚ್ಚಿದ ಮಾತ್ರಕ್ಕೆ ಕತ್ತು ಗುಣವಾಯಿತು ಅಂತ ಹೇಗೆ ಹೇಳೋದು?

ಬ್ರಿಟನ್ ಇನ್ನೂ ಮುಂದೆ ಹೋಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ 31ರಿಂದ ವಿಪ್‌ಲ್ಯಾಷ್‌ಗೆ ದರಪಟ್ಟಿ ಬಂತು: ಮೂರು ತಿಂಗಳೊಳಗಿನ ನೋವಿಗೆ 240 ಪೌಂಡ್, ಒಂದೂವರೆಯಿಂದ ಎರಡು ವರ್ಷದ್ದಕ್ಕೆ 4,215 ಪೌಂಡ್. 2025ರ ಮೇ ಕೊನೆಗೆ ಅದನ್ನು ಸುಮಾರು ಶೇಕಡಾ 15 ಏರಿಸಿದರು. ವೈದ್ಯಕೀಯ ವರದಿ ಇಲ್ಲದೆ ರಾಜಿ ಮಾಡಿಕೊಳ್ಳುವಂತಿಲ್ಲ. ಸುಳ್ಳು ಅರ್ಜಿ ತಡೆಯಲು ಅಂತ ವಿಮೆಯವರು, ನಿಜವಾಗಿ ನೊಂದವರ ಹೊಟ್ಟೆಗೆ ಹೊಡೆದರು ಅಂತ ವಕೀಲರು.

ನಮ್ಮ ಕಾನೂನಿನಲ್ಲಿ ಕತ್ತು ಎಲ್ಲಿದೆ

ನಮ್ಮಲ್ಲಿ ತೊಡಕು ಉಲ್ಟಾ. ಕಣ್ಣಿಗೆ ಕಾಣದ ಗಾಯಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಜಾಗ ಸಿಗುವುದೇ ಕಷ್ಟ. ಹಾಗಾಗಿ ಎಂಆರ್‌ಐ, ಬೆಲ್ಟು, ಸಿಟ್ಟಿಂಗ್ ಬಿಲ್ಲು, ಏನಾದರೊಂದು ಕಾಗದ ಬೇಕು ಅನ್ನುವ ಸಲಹೆ ಹುಟ್ಟಿಕೊಳ್ಳುತ್ತೆ. ಸಂಶೋಧನೆ ಬೇಡ ಅನ್ನುವುದನ್ನೇ ವ್ಯವಸ್ಥೆ ಕೇಳುವ ಹಾಗಾಗಿದೆ.

2025ರ ಮೇ 5ರಿಂದ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಅಪಘಾತವಾದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತೆ. ಜೀವ ಉಳಿಸಲು ಇದು ದೊಡ್ಡ ಆಸರೆ. ಆದರೆ ಕತ್ತಿನ ನೋವು ಉಳಿಯುತ್ತೋ ಹೋಗುತ್ತೋ ಅಂತ ಗೊತ್ತಾಗುವುದು ಎರಡನೇ, ಮೂರನೇ ತಿಂಗಳಿನಲ್ಲಿ. ಅಷ್ಟು ಹೊತ್ತಿಗೆ ಯೋಜನೆ ಮುಗಿದಿರುತ್ತೆ. ಪರಿಹಾರದ ಅರ್ಜಿಗೆ ಕಾನೂನು ಆರು ತಿಂಗಳ ಗಡುವು ಇಟ್ಟಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಸದ್ಯ ಅರ್ಜಿ ತಳ್ಳಬೇಡಿ ಅಂತ ಮಧ್ಯಂತರ ಆದೇಶ ಕೊಟ್ಟಿದೆ. ಅದನ್ನು ನಂಬಿ ಕೂರದೆ ಆರು ತಿಂಗಳೊಳಗೆ ಹಾಕುವುದೇ ಒಳ್ಳೆಯದು.

ಕಾಗದ ಬೇಕೇ ಬೇಕು ಅನ್ನುವುದಾದರೆ ಇದಕ್ಕಿಂತ ಒಳ್ಳೆಯದು ಒಂದಿದೆ. ಮೈಯ ಅಂಗವೈಕಲ್ಯದ ಶೇಕಡಾವಾರು ಬೇರೆ, ಅದರಿಂದ ದುಡಿಮೆಗೆ ಆದ ನಷ್ಟ ಬೇರೆ, ಎರಡನೆಯದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಸಂಶೋಧಕರು ಬಳಸುವ ನೆಕ್ ಡಿಸೆಬಿಲಿಟಿ ಇಂಡೆಕ್ಸ್ ಅನ್ನುವ ಪ್ರಶ್ನಾವಳಿ 1991ರದ್ದು. ಹತ್ತು ಪ್ರಶ್ನೆ: ನೋವು ಎಷ್ಟು, ಸ್ನಾನ-ಬಟ್ಟೆ ತಾವೇ ಮಾಡಿಕೊಳ್ಳಲಾಗುತ್ತಾ, ಭಾರ ಎತ್ತಲಾಗುತ್ತಾ, ಓದಲು, ಗಮನ ಕೊಡಲು ಆಗುತ್ತಾ, ತಲೆನೋವು, ಕೆಲಸ, ಗಾಡಿ ಓಡಿಸುವುದು, ನಿದ್ದೆ, ಬಿಡುವಿನ ಹವ್ಯಾಸ. ಒಂದೊಂದಕ್ಕೂ ಸೊನ್ನೆಯಿಂದ ಐದು, ಒಟ್ಟು ಐವತ್ತು; ಅಂಕ ಜಾಸ್ತಿಯಾದಷ್ಟೂ ತೊಂದರೆ ಜಾಸ್ತಿ. ಹೋಟೆಲಿನಲ್ಲಿ ನಿಂತು ದೋಸೆ ಹೊಯ್ಯುವವರಿಗೂ ಹಿಂಜೆವಾಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೂ ಅದು ಬೇರೆ ಬೇರೆ ಕಡೆ ತಟ್ಟುತ್ತೆ. ಇದನ್ನು ಮೊದಲ ವಾರ, ಆರನೇ ವಾರ, ಮೂರನೇ ತಿಂಗಳು ತುಂಬಿಸಿ, ತಾರೀಖು ಹಾಕಿ ಫೈಲಿಗೆ ಸೇರಿಸಲು ನಿಮ್ಮ ವೈದ್ಯರಿಗೋ ಫಿಸಿಯೋಗೋ ಹೇಳಿ. ಅಂಕ ಇಳಿಯುತ್ತಿದ್ದರೆ ಹನ್ನೊಂದನೇ ಸಿಟ್ಟಿಂಗಿಗೆ ದುಡ್ಡು ಕಟ್ಟುವ ಮೊದಲು ಯೋಚಿಸಬಹುದು. ಆರನೇ ವಾರಕ್ಕೂ ಇಪ್ಪತ್ತರ ಮೇಲೇ ನಿಂತಿದ್ದರೆ, ನಿದ್ದೆಯೂ ಕೆಟ್ಟಿದ್ದರೆ, ಅದೇ ಶಾಖ ಕರೆಂಟು ಮುಂದುವರಿಸುವ ಬದಲು ಬೇರೆ ಏನು ಮಾಡಬಹುದು ಅಂತ ಅವರನ್ನು ನೇರವಾಗಿ ಕೇಳಿ.